ಓಗೊಡುವ ಗೊಂಬೆ

ಮಧ್ಯಾಹ್ನದ ಊಟ ಆದ ಮೇಲಿನ ಪಿರಿಯಡ್ಡನ್ನು ಇತಿಹಾಸಕ್ಕೆ ಕೊಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಅವರಿಗೆ ಇತಿಹಾಸದ ಮೇಲೂ ಮಕ್ಕಳ ಮೇಲೂ ಹಳೇ ಸೇಡು ಇದ್ದಿರಬೇಕು. ಹೊಟ್ಟೆ ತುಂಬಿದೆ, ಕಿಟಕಿಯ ಬಿಸಿಲು ಬೆಂಚಿನ ಮೇಲೆ ಬಿದ್ದಿದೆ, ಎಂದೋ ಸತ್ತ ರಾಜ ಯಾವುದೋ ಕೋಟೆ ಗೆದ್ದನೆಂದು ಯಾರೋ ಎದ್ದು ನಿಂತು ಓದುತ್ತಿದ್ದಾರೆ. ಇಷ್ಟಾದ ಮೇಲೂ ಕಣ್ಣು ಬಿಟ್ಟುಕೊಂಡಿರುವ ಮಗು ಇದ್ದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಬೇಕು. ಆದರೆ ಆ ಶಾಲೆಯ ಆರನೇ ಕ್ಲಾಸಿನಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಅಲ್ಲಿಗೆ ಪಾಠಕ್ಕೆ ಬರುತ್ತಿದ್ದವರು ಪಿರಮಿಡ್ ಟೀಚರ್.

ಆ ಹೆಸರಿಟ್ಟವರು ಮಕ್ಕಳೇ. ಟೀಚರ್ ಪಿರಮಿಡ್ಡಿನಷ್ಟು ಎತ್ತರವೇನಿರಲಿಲ್ಲ. ಕಪ್ಪು ಹಲಗೆಯ ಮೇಲಿನ ಅರ್ಧ ಅವರ ಕೈಗೆ ಎಟುಕುತ್ತಲೇ ಇರಲಿಲ್ಲ, ಹಾಗಾಗಿ ಅಲ್ಲಿ ವರ್ಷಗಟ್ಟಲೆ ಗಣಿತದ ಮೇಷ್ಟ್ರ ಲೆಕ್ಕವೇ ಉಳಿದುಕೊಂಡಿರುತ್ತಿತ್ತು. ಆದರೆ ಒಂದು ಮಾತಿನ ಮೇಲೆ ಕೂತರೆಂದರೆ ಮುಗಿಯಿತು, ಅಲ್ಲಾಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಬಗಲಲ್ಲಿ ಸದಾ ಒಂದು ದಪ್ಪ ಬಟ್ಟೆಯ ಚೀಲ. ಅದರಲ್ಲಿ ಉಪ್ಪಿನ ಪೊಟ್ಟಣ, ಸೋಡಾ ಪುಡಿ, ಬಿಳಿ ಬಟ್ಟೆಯ ಪಟ್ಟಿಗಳು, ಹಲ್ಲು ಮುರಿದ ಬಾಚಣಿಗೆ, ಮತ್ತೆ ಒಂದೇ ಒಂದು ಹಳೇ ಚಪ್ಪಲಿ.

ಆ ಚಪ್ಪಲಿಯಿಂದಲೇ ಪ್ರತಿ ವರ್ಷವೂ ಈಜಿಪ್ಟ್ ಶುರುವಾಗುತ್ತಿತ್ತು. ಅದನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟು ಕೇಳುತ್ತಿದ್ದರು: "ಸಾವಿರಾರು ವರ್ಷದ ಹಿಂದೆ ಒಬ್ಬ ಸತ್ತ. ಮನೆಯವರು ಅವನ ಜೊತೆ ಅವನ ಚಪ್ಪಲೀನೂ ಇಟ್ರು. ಯಾಕೆ?"

"ಮರ್ತುಬಿಟ್ಟು ಇಟ್ಟಿರ್ತಾರೆ ಟೀಚರ್."

"ಕಾಲು ಸುಡುತ್ತೆ ಅಂತ. ಅಲ್ಲಿ ಮರಳು."

"ಸತ್ತೋನಿಗೆ ಎಲ್ಲಿ ಸುಡುತ್ತೋ, ದಡ್ಡ!"

ಅಷ್ಟು ಸಾಕು. ಜಗಳ ಹತ್ತಿಕೊಂಡಿತೆಂದರೆ ಪಾಠ ಅರ್ಧ ಆದಂತೆ. ಮಕ್ಕಳಿಗೆ ರಾಜರು ಬೇಡ, ಚಪ್ಪಲಿ ಬೇಕು ಎಂಬುದು ಟೀಚರ್ ಸ್ವಂತ ಅನುಭವದಿಂದ ಕಂಡುಕೊಂಡ ಸತ್ಯ, ಯಾವ ತರಬೇತಿಯಲ್ಲೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವರು ಇತಿಹಾಸ ಹಿಡಿದದ್ದೇ ಹಟದಿಂದ. ಮಗಳು ಟೈಪಿಂಗ್ ಕಲಿತು ಯಾವುದಾದರೂ ಆಫೀಸು ಸೇರಲಿ ಎಂದು ಅಪ್ಪನ ಆಸೆ. "ಸತ್ತೋರ ಕಥೆ ಓದ್ಕೊಂಡು ನೀನು ಬದುಕೋದು ಹೇಗೆ?" ಎಂದು ಕೇಳಿದ್ದರು. "ಬದುಕಿರೋರ ಕಾಗದ ಟೈಪ್ ಮಾಡ್ತಾ ಸಾಯೋದಕ್ಕಿಂತ ವಾಸಿ ಅಪ್ಪ" ಎಂದು ಮಗಳು ಹೇಳಿಬಿಟ್ಟಳು. ಒಂದು ಬೇಸಿಗೆ ಪೂರ್ತಿ ಅಪ್ಪ ಮಗಳ ನಡುವೆ ಮಾತಿರಲಿಲ್ಲ. ಉಪ್ಪು ಬೇಕಾದರೂ ಅಮ್ಮನ ಮೂಲಕ ಕೇಳಬೇಕಿತ್ತು. ಕಾಲೇಜು ಶುರುವಾಗುವ ದಿನ ಅಪ್ಪನೇ ಸೈಕಲ್ ತೆಗೆದು, ಬೆಲ್ ಬಾರಿಸಿ, ಮುಖ ಬೇರೆ ಕಡೆ ತಿರುಗಿಸಿಕೊಂಡು ಕಾಯುತ್ತ ನಿಂತಿದ್ದರು.

ಮದುವೆಯಾದದ್ದೂ ಈಜಿಪ್ಟಿನಿಂದಲೇ ಎನ್ನಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳ ಕೈಯಲ್ಲಿ ಒಂದು ಮೀನನ್ನು ಈಜಿಪ್ಟಿನವರ ರೀತಿಯಲ್ಲಿ ಒಣಗಿಸಿಡುವುದನ್ನು ಮಾಡಿಸೋಣ ಎನ್ನಿಸಿತು. ಹೊಟ್ಟೆ ಸೀಳಿ, ಉಪ್ಪು ಸೋಡಾ ತುಂಬಿ, ಅದರಲ್ಲೇ ಹೂತಿಟ್ಟು, ಒಣಗಿದ ಮೇಲೆ ಬಟ್ಟೆ ಸುತ್ತಬೇಕು. ಬಟ್ಟೆಗಾಗಿ ಶಾಲೆಯ ಎದುರಿನ ಟೈಲರ್ ಅಂಗಡಿಗೆ ಹೋಗಿ, ಬಿಳಿ ಲೈನಿಂಗ್ ಬಟ್ಟೆಯ ಚೂರು ಮಿಕ್ಕಿದ್ದರೆ ಕೊಡಿ, ಒಂದು ಮೀನಿಗೆ ಸುತ್ತಬೇಕು ಎಂದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕಿಸಕ್ಕೆಂದರು. ಟೈಲರ್ ಮಾತ್ರ ನಗಲಿಲ್ಲ. ಕತ್ತರಿ ಕೈಗೆತ್ತಿಕೊಂಡು, "ಪಟ್ಟಿ ಎಷ್ಟು ಅಗಲ ಬೇಕು?" ಎಂದು ಕೇಳಿದ. ಈ ಮನುಷ್ಯನ ಜೊತೆ ಬಾಳಬಹುದು ಎಂದು ಟೀಚರಿಗೆ ಅನ್ನಿಸಿದ್ದು ಆಗಲೇ.

ಆ ಮೊದಲ ಮೀನು ಕೊಳೆತು ನಾರಿತು ಅನ್ನುವುದನ್ನೂ ಹೇಳಿಬಿಡಬೇಕು. ಉಪ್ಪು ಕಡಿಮೆ ಬಿದ್ದಿತ್ತು. ಇಡೀ ಕಟ್ಟಡ ಮೂಗು ಮುಚ್ಚಿಕೊಂಡು ಓಡಾಡಿತು. ಕೊನೆಗೆ ಒಂದು ಬೆಕ್ಕು ಆ ಮಹಾಶಯನನ್ನು ಬಟ್ಟೆ ಸಮೇತ ಹೊತ್ತುಕೊಂಡು ಹೋಯಿತು. ಆಗಿನ ಹೆಡ್‌ಮಾಸ್ಟರು ಕೆಂಡಾಮಂಡಲವಾದರು. "ಅವರಿಗೂ ಮೊದಮೊದಲು ನಾತ ಬಂದಿರುತ್ತೆ ಸಾರ್, ಕಲಿಯೋವರೆಗೂ" ಎಂದರು ಟೀಚರ್. ಮುಂದಿನ ವರ್ಷದ ಮೀನು ಮರದ ತುಂಡಿನ ಹಾಗೆ ಒಣಗಿತು.

ಹೀಗೆ ವರ್ಷಗಳು ಹೋದವು. ಹೆಡ್‌ಮಾಸ್ಟರುಗಳು ಬದಲಾದರು, ಟೀಚರ ಕೂದಲು ನೆರೆಯಿತು, ಚಪ್ಪಲಿಯ ಉಂಗುಷ್ಠ ಕಿತ್ತು ಟೈಲರ್ ಮತ್ತೆ ಹೊಲಿದುಕೊಟ್ಟ. ಆಮೇಲೆ ಆರನೇ ಕ್ಲಾಸಿಗೆ ಹಾರನ್ ಬಂದಳು.

ಹಾರನ್ ಎಂದರೆ ಒಬ್ಬ ಹುಡುಗಿ. ಸಿಟಿ ಬಸ್ಸಿನ ಡ್ರೈವರಿನ ಮಗಳು. ಅವಳು ಗೇಟಿನ ಹತ್ತಿರ ಕೂಗಿದರೆ ಮೇಲಿನ ಮಹಡಿಯಲ್ಲಿ ಬೆಲ್ ಹೊಡೆಯುವವನು ಬೆಚ್ಚಿ ಬೀಳುತ್ತಿದ್ದ, ಅಷ್ಟು ದೊಡ್ಡ ಗಂಟಲು. ಹಾಜರಿ ಕರೆಯುವಾಗ ಅವಳ ಸರದಿ ಬಂದರೆ ಪಕ್ಕದಲ್ಲಿದ್ದವರು ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹೆಸರಿಟ್ಟವರಿಗೂ ಅವಳಿಗೂ ಆ ಹೆಸರೆಂದರೆ ಖುಷಿಯೇ.

ಆ ವರ್ಷ ರಜೆಯಲ್ಲಿ ಅವಳ ಅಪ್ಪ ಹೋಗಿಬಿಟ್ಟ. ಹಗಲು ಪಾಳಿ ಮುಗಿಸಿ, ಇನ್ನೊಬ್ಬರು ಬಂದಿಲ್ಲವೆಂದು ಸಂಜೆ ಪಾಳಿಗೂ ಅವನೇ ಹತ್ತಿದ್ದ. ಎದೆ ಹಿಡಿದುಕೊಂಡಾಗ ಬಸ್ಸನ್ನು ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗ್ ಮೇಲೆ ತಲೆಯಿಟ್ಟನಂತೆ. ಬಸ್ಸಿನಲ್ಲಿದ್ದ ಒಬ್ಬರಿಗೂ ಒಂದು ತರಚು ಗಾಯವಿಲ್ಲ.

ಶಾಲೆ ಮತ್ತೆ ಶುರುವಾದಾಗ ಹುಡುಗಿ ಬಂದಳು, ಗಂಟಲು ಬರಲಿಲ್ಲ. ಹಾಜರಿಗೆ ಕೈಯೆತ್ತುತ್ತಿದ್ದಳು, ಅಷ್ಟೇ.

ಆಗ ಶುರುವಾಯಿತು ನೋಡಿ, ಎಲ್ಲರ ಒಳ್ಳೆಯತನ! ಆ ಮಗುವಿನ ಮುಂದೆ ಅಪ್ಪ ಅನ್ನುವ ಮಾತೇ ಬರಬಾರದೆಂದು ಸ್ಟಾಫ್ ರೂಮಿನಲ್ಲಿ ತೀರ್ಮಾನವಾಯಿತು. ಗಣಿತದ ಮೇಷ್ಟ್ರು 'ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು' ಎಂಬ ಲೆಕ್ಕವನ್ನು 'ಪಕ್ಕದ ಮನೆಯವರ ವಯಸ್ಸು' ಎಂದು ತಿದ್ದಿದರು. ಪ್ರಬಂಧಕ್ಕೆ 'ನನ್ನ ಕುಟುಂಬ' ಹೋಗಿ 'ನನ್ನ ಮೆಚ್ಚಿನ ಹಣ್ಣು' ಬಂತು. ಮಕ್ಕಳಿಗೂ ಕಟ್ಟಪ್ಪಣೆಯಾಯಿತು: ಹಾರನ್ ಅಂತ ಕರೀಬೇಡಿ, ಬಸ್ ನೆನಪಾಗುತ್ತೆ. ಮಕ್ಕಳು ಏನು ಕರೆಯಬೇಕೆಂದು ತಿಳಿಯದೆ ಅವಳನ್ನು ಕರೆಯುವುದನ್ನೇ ಬಿಟ್ಟರು. ಹುಡುಗಿಯ ಸುತ್ತ ಒಂದು ಬೆಂಚಿನಷ್ಟು ಜಾಗ ತಾನಾಗಿಯೇ ಖಾಲಿಯಾಯಿತು. ಯಾರೂ ಕೆಟ್ಟವರಲ್ಲ, ಎಲ್ಲರೂ ಸೇರಿ ಮಾಡಿದ ಕೆಲಸ ಮಾತ್ರ ಪರಮ ಕೆಟ್ಟದ್ದು.

ಈಜಿಪ್ಟ್ ಪಾಠ ಹತ್ತಿರ ಬಂದಾಗ ಹೆಡ್‌ಮಾಸ್ಟರು ಟೀಚರನ್ನು ರೂಮಿಗೆ ಕರೆಸಿದರು. ಅಲ್ಲಿ ಹುಡುಗಿಯ ದೊಡ್ಡಪ್ಪನೂ ಕೂತಿದ್ದ. ಬಣ್ಣ, ಮೊಳೆ, ಬೀಗ ಮಾರುವ ಅಂಗಡಿಯವನು, ಶಾಲೆಯ ಕಮಿಟಿಯಲ್ಲೂ ಇದ್ದವನು. ತಮ್ಮ ಸತ್ತ ಮೇಲೆ ಆ ಮನೆಯ ಭಾರವೆಲ್ಲ ಅವನ ಹೆಗಲಿಗೆ ಬಿದ್ದಿತ್ತು, ಅದು ಅವನ ಮುಖದಲ್ಲೇ ಕಾಣುತ್ತಿತ್ತು.

"ಈ ಸಲ ಈಜಿಪ್ಟ್ ಸ್ವಲ್ಪ ಚಿಕ್ಕದಾಗಿ ಮುಗಿಸಿ" ಎಂದರು ಹೆಡ್‌ಮಾಸ್ಟರು. "ನದಿ, ಬೇಸಾಯ, ಪಿರಮಿಡ್ ಎಷ್ಟೆತ್ತರ, ಕಲ್ಲು ಎಲ್ಲಿಂದ ತಂದ್ರು. ಅಷ್ಟು ಸಾಕು. ಆ ಹೆಣ, ಗೋರಿ, ಪರಲೋಕ, ಅದೆಲ್ಲ ಬೇಡ."

"ಪಿರಮಿಡ್ ಒಳಗೆ ಏನಿದೆ ಅಂತ ಮಕ್ಕಳು ಕೇಳಿದ್ರೆ ಏನನ್ಲಿ ಸಾರ್? ಆಲೂಗಡ್ಡೆ ಗೋಡೌನ್ ಅನ್ಲಾ?"

"ತಮಾಷೆ ಮಾಡ್ಬೇಡಿ."

"ತಮಾಷೆ ನಾನು ಮಾಡ್ತಿಲ್ಲ."

ದೊಡ್ಡಪ್ಪ ಕೈಮುಗಿಯುವವನಂತೆ ಮುಂದೆ ಬಾಗಿದ. "ನೋಡಿ ಟೀಚರ್, ಮನೇಲಿ ನಾವ್ಯಾರೂ ಆ ಮಾತೇ ಎತ್ತಲ್ಲ. ಫೋಟೋನೂ ತೆಗೆದು ಒಳಗಿಟ್ಟಿದ್ದೀವಿ. ನಮ್ಮಮ್ಮನ ಮುಂದೇನೂ ಎತ್ತಲ್ಲ. ಮಗು ಅಳ್ತಾನೇ ಇಲ್ಲ, ಅಷ್ಟು ಚೆನ್ನಾಗಿ ಇಟ್ಕೊಂಡಿದ್ದೀವಿ. ನೀವು ಮತ್ತೆ ಕೆದಕ್ಬೇಡಿ."

"ಅಳ್ತಾ ಇಲ್ಲ ಅನ್ನೋದು ಚೆನ್ನಾಗಿರೋದಾ?" ಎಂದರು ಟೀಚರ್.

ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ಹಾಕಿದರು. ಮಾತು ಕೇಳದಿದ್ದರೆ ಆರನೇ ಕ್ಲಾಸಿನ ಇತಿಹಾಸವನ್ನು ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಟು, ನಿಮ್ಮನ್ನು ಮೂರನೇ ಕ್ಲಾಸಿನ ಮಗ್ಗಿಗೆ ಹಾಕಬೇಕಾಗುತ್ತದೆ ಎಂದು, ಬಹಳ ನಯವಾಗಿ, ಚಹಾ ತರಿಸಿಕೊಡುತ್ತ ಹೇಳಿದರು. ಟೀಚರ್ ಚಹಾ ಮುಟ್ಟದೆ ಎದ್ದು ಬಂದರು.

ಮನೆಗೆ ಬಂದವರೇ ಚೀಲವನ್ನು ಮೂಲೆಗೆ ಎಸೆದರು. ಚಪ್ಪಲಿ ಹೊರಗುರುಳಿತು. ಅತ್ತೆ ಕಿಟಕಿಯ ಪಕ್ಕ ಕೂತು ಕನ್ನಡಕ ಒರೆಸುತ್ತಿದ್ದರು. ಅವರದ್ದಲ್ಲ, ಮಾವನದ್ದು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೂ ಆ ಕನ್ನಡಕ ವಾರಕ್ಕೊಮ್ಮೆ ಕಪಾಟಿನಿಂದ ಹೊರಬಂದು, ಒರೆಸಿಕೊಂಡು, ಮತ್ತೆ ಡಬ್ಬಿ ಸೇರುತ್ತಿತ್ತು.

ನಡೆದದ್ದನ್ನೆಲ್ಲ ಕೇಳಿ ಅತ್ತೆ ಮೂಗು ಮುರಿದರು. "ನಿನ್ನ ಈಜಿಪ್ಟಿನೋರ ಕಾಟ ಸಾಕಾಗಿದೆ ನಂಗೂ. ಉಪ್ಪಿನ ಡಬ್ಬಿ ತುಂಬಿಟ್ರೆ ಮಾರನೇ ದಿನ ಖಾಲಿ. ನಾನು ಸತ್ರೆ ನನ್ನನ್ನೂ ಉಪ್ಪಲ್ಲಿ ಅದ್ದಿ, ನನ್ನ ಮಗನ ಕೈಲಿ ಪಟ್ಟಿ ಸುತ್ತಿಸ್ತೀಯೇನೋ."

"ನಿಮಗೆ ಅಷ್ಟು ಉಪ್ಪು ಎಲ್ಲಿಂದ ತರ್ಲಿ ಅತ್ತೆ? ಹಾಗಾದ್ರೆ ನಾನು ಮಗ್ಗಿ ಹೇಳಿಕೊಂಡಿರ್ಲಾ?"

ಅತ್ತೆ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು. "ನಿಮ್ಮ ಮಾವನಿಗೆ ಪೇಪರ್ ಓದದೆ ಬೆಳಗಾಗ್ತಿರಲಿಲ್ಲ. ಅಲ್ಲಿ ಪೇಪರ್ ಬರುತ್ತೋ ಇಲ್ವೋ ನಂಗೇನು ಗೊತ್ತು? ಬಂದ್ರೆ ಇರ್ಲಿ ಅಂತ ಒರೆಸಿಡ್ತೀನಿ. ಇದನ್ನ ಯಾರಾದ್ರೂ ತೆಗೆದು ಒಳಗಿಟ್ಟು, ಅಮ್ಮನ ಒಳ್ಳೇದಕ್ಕೆ ಅಂದಿದ್ರೆ, ಅವರ ಕಣ್ಣು ಕಿತ್ತಿಡ್ತಿದ್ದೆ" ಎಂದು ಹೇಳಿ ಡಬ್ಬಿ ಮುಚ್ಚಿದರು. ಟೈಲರ್ ಚಪ್ಪಲಿಯನ್ನು ಎತ್ತಿ ಚೀಲಕ್ಕೆ ಹಾಕಿದ.

ಆದರೂ ಟೀಚರ್ ಮರುದಿನ ಹೇಳಿದ ಹಾಗೇ ಕೇಳಿದರು. ಅದನ್ನೂ ಮುಚ್ಚಿಡಬಾರದು. ಹಟಮಾರಿಯೇ ಹೌದು, ಆದರೆ ದೊಡ್ಡಪ್ಪನ ಮುಖ ಕಣ್ಣ ಮುಂದಿತ್ತು. ನಾನೇ ತಪ್ಪಾಗಿದ್ದರೆ, ಮಗುವಿಗೆ ನಿಜಕ್ಕೂ ನೋವಾದರೆ ಎಂಬ ಅಳುಕೂ ಇತ್ತು. ಚಪ್ಪಲಿ ಚೀಲದಿಂದ ಹೊರಬರಲಿಲ್ಲ. ನದಿ ಉಕ್ಕಿತು, ಕಪ್ಪು ಮಣ್ಣು ಬಂತು, ಪೈರು ಬೆಳೆಯಿತು. ಸಾವೇ ಇಲ್ಲದ ಈಜಿಪ್ಟ್! ಹಿಂದಿನ ಬೆಂಚಿನಲ್ಲಿ ಒಬ್ಬ ತೂಕಡಿಸಿದ. ಟೀಚರ ಕ್ಲಾಸಿನಲ್ಲಿ ಹಾಗಾದದ್ದು ಅದೇ ಮೊದಲು. ಅವರು ಹಲಗೆಯ ಮೇಲೆ ಒಂದು ತ್ರಿಕೋನ ಬರೆದು, ಇದು ಪಿರಮಿಡ್, ಇಷ್ಟು ಕಲ್ಲು, ಇಷ್ಟು ಎತ್ತರ ಎಂದರು.

ಮೂಲೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಹಾಜರಿಗೆ ಮಾತ್ರ ಏಳುತ್ತಿದ್ದ ಕೈ.

"ಒಳಗೆ ಯಾರಿದ್ದಾರೆ ಟೀಚರ್?"

ಸಣ್ಣ ದನಿ, ಬಳಸದೆ ತುಕ್ಕು ಹಿಡಿದದ್ದು. ಮುಂದಿನ ಬೆಂಚಿನವನೊಬ್ಬ ಟೀಚರ ಕಡೆ ನೋಡಿ, ಹೇಳಬೇಡಿ ಎಂಬಂತೆ ತಲೆಯಾಡಿಸಿದ. ಹನ್ನೊಂದು ವರ್ಷದ ಹುಡುಗ, ದೊಡ್ಡವರಿಂದ ಎಷ್ಟು ಬೇಗ ಕಲಿತುಬಿಟ್ಟಿದ್ದ! ಅದನ್ನು ಕಂಡು ಟೀಚರ ಮೈ ಉರಿದುಹೋಯಿತು.

"ಸತ್ತುಹೋದವರು ಇದ್ದಾರೆ ಮಗು" ಎಂದರು ಟೀಚರ್. ಚೀಲಕ್ಕೆ ಕೈಹಾಕಿ ಚಪ್ಪಲಿ ತೆಗೆದು ಮೇಜಿನ ಮೇಲೆ ಟಪ್ಪೆಂದು ಇಟ್ಟರು. ತೂಕಡಿಸುತ್ತಿದ್ದವನು ಎಚ್ಚೆತ್ತ.

ಅಲ್ಲಿಂದ ಮುಂದೆ ಟೀಚರ್ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸತ್ತವರು ಎಲ್ಲೋ ಬದುಕು ಮುಂದುವರಿಸುತ್ತಾರೆಂದು ಆ ಜನ ನಂಬಿದ್ದರು ಎಂದರು. ಅದಕ್ಕೇ ಊಟ, ಹಾಸಿಗೆ, ಬಾಚಣಿಗೆ, ಆಟದ ಕಾಯಿ ಎಲ್ಲ ಜೊತೆಗೆ. ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಒಂದು ಗರಿ ಇಟ್ಟು ತೂಗುತ್ತಾರೆಂದು ನಂಬಿದ್ದರು. ಕೆಟ್ಟದ್ದು ಮಾಡಿದವನ ಹೃದಯ ಭಾರ. "ಇದು ನಿಜಾನಾ ಟೀಚರ್?" ಎಂದು ಒಬ್ಬಳು ಕೇಳಿದಳು. "ನಂಗೆ ಗೊತ್ತಿಲ್ಲ" ಎಂದರು ಟೀಚರ್. "ಅವರು ನಂಬಿದ್ರು ಅನ್ನೋದು ನಿಜ. ಅಷ್ಟು ಪ್ರೀತಿಯಿಂದ ಬಾಚಣಿಗೆ ಇಟ್ಟಿದ್ರು ಅನ್ನೋದೂ ನಿಜ."

ಆಮೇಲೆ ಗೊಂಬೆಗಳು. ಆ ಲೋಕದಲ್ಲೂ ಹೊಲದ ಕೆಲಸ ತಪ್ಪಿದ್ದಲ್ಲವಂತೆ, ಉಳು, ನೀರು ಹಾಯಿಸು, ಮರಳು ಹೊರು ಎಂದು ಕರೆ ಬರುತ್ತದಂತೆ. ಅದಕ್ಕೆ ಸತ್ತವರ ಜೊತೆ ಸಣ್ಣ ಸಣ್ಣ ಗೊಂಬೆಗಳನ್ನು ಇಡುತ್ತಿದ್ದರು. ಕರೆ ಬಂದಾಗ ಯಜಮಾನನ ಬದಲು ಗೊಂಬೆ ಓಗೊಟ್ಟು, ಇಗೋ ಬಂದೆ ಎಂದು ಎದ್ದು ಹೋಗಬೇಕು.

ಕ್ಲಾಸು ಹುಚ್ಚೆದ್ದುಹೋಯಿತು. "ಹೋಮ್‌ವರ್ಕ್ ಮಾಡುತ್ತಾ ಟೀಚರ್?" "ಹಾಜರಿ ಹೇಳುತ್ತಾ?" ಶ್ರೀಮಂತರು ನೂರಾರು ಗೊಂಬೆ ಇಟ್ಟುಕೊಂಡು, ಅವು ಮೈಗಳ್ಳತನ ಮಾಡದಂತೆ ಹತ್ತು ಗೊಂಬೆಗೊಂದು ಮೇಸ್ತ್ರಿ ಗೊಂಬೆಯನ್ನೂ ಇಡುತ್ತಿದ್ದರೆಂದು ಕೇಳಿ ಕ್ಲಾಸ್ ಲೀಡರ್ ಹಿಗ್ಗಿಹೋದ. ಮರುದಿನ ಟೀಚರ್ ಒದ್ದೆ ಬಟ್ಟೆಯಲ್ಲಿ ಜೇಡಿಮಣ್ಣನ್ನು ಸುತ್ತಿ ತಂದು ಹಂಚಿದರು. ಒಬ್ಬ ತನ್ನ ಬದಲು ಹಲ್ಲುಜ್ಜುವ ಗೊಂಬೆ ಮಾಡಿದ. ಒಬ್ಬಳು ಅಕ್ಕನ ಜೊತೆ ಜಗಳವಾಡುವ ಗೊಂಬೆ ಮಾಡಿ, ಅದಕ್ಕೆ ದೊಡ್ಡ ಬಾಯಿ ಇಟ್ಟಳು.

ಹಾರನ್ ಬಹಳ ಹೊತ್ತು ಮಣ್ಣನ್ನು ಸುಮ್ಮನೆ ಹಿಡಿದು ಕೂತಿದ್ದಳು. ಟೀಚರ್ ಹತ್ತಿರ ಹೋಗಲಿಲ್ಲ. ಹತ್ತಿರ ಹೋಗದೇ ಇರುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ಅವರಿಗೇ ಗೊತ್ತು. ಅವಳು ಮಾಡಿದ್ದು ಕೂತಿರುವ ಒಂದು ಗೊಂಬೆ. ಮುಂದಕ್ಕೆ ಚಾಚಿದ ಎರಡು ಕೈ, ಕೈಗಳ ನಡುವೆ ಒಂದು ಮಣ್ಣಿನ ಚಕ್ರ.

ಆಗ ಹಿಂದಿನ ಬೆಂಚಿನ ಹುಡುಗಿ, ತನ್ನ ಗೊಂಬೆಯ ತಲೆ ಮೂರನೇ ಸಲ ಉದುರಿದ ಕೋಪದಲ್ಲಿ, ಎಲ್ಲ ಮರೆತು ಕಿರುಚಿದಳು: "ಏ ಹಾರನ್, ಆ ನೀರಿನ ಬಟ್ಟಲು ಕೊಡೆ ಇಲ್ಲಿ!"

ಎಲ್ಲರ ಕೈ ನಿಂತಿತು. ಕಿರುಚಿದವಳು ನಾಲಿಗೆ ಕಚ್ಚಿಕೊಂಡಳು.

"ತಗೊಂಡು ಸಾಯೆ!" ಎಂದಳು ಹಾರನ್. ಪಕ್ಕದ ಕ್ಲಾಸಿಗೂ ಕೇಳಿಸಿತು. ಮಾತಾಡಿದ ಮೇಲೆ ಅವಳೇ ಬೆರಗಾದಳು, ಆಮೇಲೆ ನಕ್ಕಳು, ನಗುತ್ತ ನಗುತ್ತ ಅಳು ಬಂತು. ರಜೆಯಿಂದ ಈಚೆಗೆ ಯಾರೂ ನೋಡದ ಅಳು. ಬೆಂಚಿನ ಖಾಲಿ ಜಾಗಕ್ಕೆ ಒಬ್ಬೊಬ್ಬರಾಗಿ ನುಗ್ಗಿ ಬಂದು ಅವಳಿಗೆ ಒತ್ತಿಕೊಂಡು ಕೂತರು. ಮಣ್ಣಿನ ಕೈಯಲ್ಲೇ ಮುಖ ಒರೆಸಿಕೊಂಡು ಅವಳು ಟೀಚರಿಗೆ ಹೇಳಿದಳು: "ನಮ್ಮಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ ಟೀಚರ್. ನಲ್ಲೀಲಿ ನೀರು ಬರದ ದಿನ ಅಳೋದೇ ಇಲ್ಲ."

ಟೀಚರಿಗೆ ಸಿಟ್ಟು ಬಂತು, ಯಾರ ಮೇಲೆಂದು ಹೇಳಲಾಗದ, ಎಲ್ಲರ ಮೇಲಿನ ಸಿಟ್ಟು.

ಪಕ್ಕದ ಕ್ಲಾಸಿಗೆ ಕೇಳಿಸಿದ್ದು ಹೆಡ್‌ಮಾಸ್ಟರ ರೂಮಿಗೆ ಕೇಳಿಸದೆ ಇರುತ್ತದೆಯೇ? ಅದೇ ಸಂಜೆ ಆದೇಶ ಬಂತು. ಮುಂದಿನ ವಾರ ಶಾಲೆಯಲ್ಲಿ ನಡೆಯಲಿದ್ದ ಮಕ್ಕಳ ವಸ್ತುಪ್ರದರ್ಶನ ಮುಗಿದ ಕೂಡಲೇ ಆರನೇ ಕ್ಲಾಸಿನ ಇತಿಹಾಸ ಡ್ರಾಯಿಂಗ್ ಮೇಷ್ಟ್ರಿಗೆ, ಪಿರಮಿಡ್ ಟೀಚರ್ ಮೂರನೇ ಕ್ಲಾಸಿನ ಮಗ್ಗಿಗೆ. ಪ್ರದರ್ಶನದಲ್ಲಿ ಗೊಂಬೆಗಳು ಇರಕೂಡದು, ನದಿಯ ನಕ್ಷೆ ಮಾತ್ರ ಇರಲಿ ಎಂಬ ಮಾತೂ ಜೊತೆಗಿತ್ತು.

ಪ್ರದರ್ಶನದ ದಿನ ಅಪ್ಪ ಅಮ್ಮಂದಿರು, ಅಜ್ಜಿ ತಾತಂದಿರು ಬರುವ ಹೊತ್ತಿಗೆ ಶಾಲೆಯ ದೊಡ್ಡ ಹಾಲಿನ ನಡುಮಧ್ಯದ ಮೇಜಿನ ಮೇಲೆ ಟೈಲರ್ ಹೊಲಿದುಕೊಟ್ಟ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಹೋದ ವರ್ಷದ ಒಣಗಿದ ಮೀನು, ಚಪ್ಪಲಿ, ಬಾಚಣಿಗೆ, ಸಾಲಾಗಿ ನಿಂತ ಗೊಂಬೆಗಳು, ಅವುಗಳ ನಡುವೆ ಕೂತ ಡ್ರೈವರ್. ನಕ್ಷೆಯೂ ಇತ್ತು, ಮೇಜಿನ ಕಾಲಿಗೆ ಅಂಟಿಸಿತ್ತು.

ಹೆಡ್‌ಮಾಸ್ಟರು ಹಲ್ಲು ಕಚ್ಚಿಕೊಂಡು ಬಂದರು. "ಏನ್ರೀ ಇದು? ಹೇಳಿದ್ದು ಅರ್ಥ ಆಗ್ಲಿಲ್ವಾ?"

"ಚೆನ್ನಾಗಿ ಅರ್ಥ ಆಯ್ತು ಸಾರ್."

"ಮತ್ತೆ ತೆಗೀರಿ ಇದನ್ನೆಲ್ಲ."

"ನಾನು ತೆಗೆಯಲ್ಲ. ನನ್ನ ಕ್ಲಾಸ್ ಕಿತ್ಕೊಂಡಾಯ್ತು, ಇನ್ನೇನು ಕಿತ್ಕೊಳ್ತೀರಿ? ಮೂರನೇ ಕ್ಲಾಸಲ್ಲೂ ಮಕ್ಕಳೇ ಇರೋದು. ಅವರ ಮನೇಲೂ ಯಾರಾದ್ರೂ ಸತ್ತಿರ್ತಾರೆ. ಅವರು ಕೇಳಿದ್ರೂ ನಾನು ಹೇಳ್ತೀನಿ, ಎರಡರ ಮಗ್ಗಿಗೂ ಮೂರರ ಮಗ್ಗಿಗೂ ಮಧ್ಯೆ ಹೇಳ್ತೀನಿ!"

ಅಷ್ಟರಲ್ಲಿ ದೊಡ್ಡಪ್ಪ ಬಂದ. ಅವನ ಕೈ ಹಿಡಿದುಕೊಂಡು ಹುಡುಗಿಯ ಅಜ್ಜಿ, ಅಂದರೆ ಡ್ರೈವರಿನ ತಾಯಿ. ಒಣಗಿದ ಸಣ್ಣ ಮೈ, ಕೋಲೂರಿಕೊಂಡು ನಡೆಯುತ್ತಿದ್ದ ಮುದುಕಿ. ದೊಡ್ಡಪ್ಪನ ಕಣ್ಣು ಮೊದಲು ಬಿದ್ದದ್ದೇ ಆ ಚಕ್ರ ಹಿಡಿದ ಗೊಂಬೆಯ ಮೇಲೆ. ತಾಯಿಯ ಕೈಬಿಟ್ಟು, ಆಕೆ ನೋಡುವ ಮೊದಲೇ ಅದನ್ನು ಎತ್ತಿ ಮರೆಮಾಡಲು ಮೇಜಿನ ಕಡೆ ಧಾವಿಸಿದ.

"ಮುಟ್ಬೇಡಿ ದೊಡ್ಡಪ್ಪಾ!"

ಹಾಲಿನಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು. ಬೆಲ್ ಹೊಡೆಯುವವನು ಮೇಲಿನ ಮಹಡಿಯಲ್ಲಿ ಬೆಚ್ಚಿಬಿದ್ದನಂತೆ. ಹುಡುಗಿ ಮೇಜಿಗೂ ದೊಡ್ಡಪ್ಪನಿಗೂ ನಡುವೆ ಎರಡೂ ಕೈ ಅಗಲಿಸಿ ನಿಂತಿದ್ದಳು. ಟೀಚರ್ ಹೋಗಿ ಅವಳ ಪಕ್ಕ ನಿಂತರು. ಆಮೇಲೆ ನೀರಿನ ಬಟ್ಟಲಿನ ಹುಡುಗಿ ಬಂದು ನಿಂತಳು, ಕ್ಲಾಸ್ ಲೀಡರ್ ಬಂದ, ತಲೆಯಾಡಿಸಿದ್ದ ಹುಡುಗನೂ ಬಂದ.

ಅಜ್ಜಿ ಕೋಲೂರುತ್ತ ನಿಧಾನಕ್ಕೆ ಮೇಜಿನ ಹತ್ತಿರ ಬಂದರು. ಬಾಗಿ ನೋಡಿದರು.

"ಇದ್ಯಾರೇ?"

ಅಜ್ಜಿಯ ಮುಂದೆ ಆ ಮಾತು ಎತ್ತಬಾರದೆಂದು ಮನೆಯಲ್ಲಿ ಹೇಳಿಕೊಟ್ಟದ್ದು ಹುಡುಗಿಗೆ ನೆನಪಿತ್ತು. ಅವಳು ದೊಡ್ಡಪ್ಪನನ್ನು ನೋಡಿದಳು, ಟೀಚರನ್ನು ನೋಡಿದಳು. ಟೀಚರ್ ಬಾಯಿಬಿಡಲಿಲ್ಲ. ಇದನ್ನು ಹೇಳಬೇಕಾದವಳು ಅವಳೇ.

"ಬದಲಿ ಡ್ರೈವರ್ ಅಜ್ಜಿ" ಎಂದಳು ಹುಡುಗಿ. "ಅಪ್ಪನ ಬದಲಿ. ಅಲ್ಲೂ ಯಾರಾದ್ರೂ ಡ್ಯೂಟಿಗೆ ಬಾ ಅಂತ ಕರೀತಾರಲ್ಲ, ಆಗ ಇವನು ನಾನು ಬಂದೆ ಅಂತ ಎದ್ದು ಹೋಗ್ತಾನೆ. ಅಪ್ಪ ಏಳೋದು ಬೇಡ. ಮಲ್ಕೊಂಡಿರ್ಬಹುದು."

ದೊಡ್ಡಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅಂಗಡಿಯಲ್ಲಿ ದಿನವಿಡೀ ಬೀಗ ಮಾರುವ ಮನುಷ್ಯ, ಅವನ ಭುಜ ಅಲುಗುತ್ತಿತ್ತು.

ಅಜ್ಜಿಯ ಕಣ್ಣಲ್ಲಿ ನೀರಿರಲಿಲ್ಲ. ಗೊಂಬೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಅದರ ಬೆನ್ನು ಸವರಿದರು. ಆಮೇಲೆ ಸಿಡುಕಿನಿಂದ ತಲೆ ಅಲ್ಲಾಡಿಸಿದರು.

"ಒಬ್ಬ ಸಾಕಾಗಲ್ಲ ಕಣೇ. ನಿಮ್ಮಪ್ಪಂಗೆ ಯಾವಾಗ್ಲೂ ಡಬಲ್ ಡ್ಯೂಟಿ."

ಎಂದವರೇ ಸಣ್ಣ ಮಕ್ಕಳ ಗಿಡ್ಡ ಬೆಂಚನ್ನು ಕೋಲಿನಿಂದ ಎಳೆದುಕೊಂಡು, ಅದರ ಮೇಲೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಮಣ್ಣು ಇನ್ನೂ ಇದೆಯಾ ಟೀಚರಮ್ಮ?"

ಟೀಚರ್ ಚೀಲಕ್ಕೆ ಕೈಹಾಕಿ ಒದ್ದೆ ಬಟ್ಟೆಯ ಗಂಟು ಬಿಚ್ಚತೊಡಗಿದರು. ಕಣ್ಣು ಮಂಜಾಗಿ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಅಜ್ಜಿ ಮೊದಲ ಉಂಡೆ ಕಟ್ಟುವಾಗ ದೊಡ್ಡಪ್ಪ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತ. ತಾಯಿಯ ಬೆರಳುಗಳನ್ನೇ ನೋಡುತ್ತ ಹೇಳಿದ:

"ಎರಡೂ ಕೈ ಸ್ಟೇರಿಂಗ್ ಮೇಲೆ ಇಡ್ಬೇಡ ಅಮ್ಮ. ಒಂದು ಗೇರ್ ಮೇಲಿರ್ಲಿ. ಅವನು ಹಾಗೇ ಓಡಿಸ್ತಿದ್ದ."